ಅಪ್‌ಡೇಟ್: ಹಳೆಯ ವೈರಿಂಗ್‌ನ ತಾಮ್ರದ ತಂತಿ ಬೋನ್ಸಾಯ್‌ಗೆ ಸಿದ್ಧವಾಯಿತು

ಬೋನ್ಸಾಯ್‌ನ, ಅಂದರೆ ಕುಂಡದಲ್ಲಿ ಕುಬ್ಜವಾಗಿ ಬೆಳೆಸುವ ಮರದ, ಕೊಂಬೆಗಳಿಗೆ ಸುತ್ತಿ ಅವನ್ನು ಬೇಕಾದಂತೆ ಬಾಗಿಸಲು ಹಳೆಯ ಮನೆಯ ವೈರಿಂಗ್‌ನಿಂದ ಬಿಚ್ಚಿದ ತಾಮ್ರದ ತಂತಿಯ ಹೊದಿಕೆಯನ್ನು ಸುಟ್ಟು ತೆಗೆಯಬಹುದೇ ಎಂದು ನಾನು ಕೇಳಿದ್ದೆ. ಹೊದಿಕೆಯ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್‌ಗಳೆಂಬ ವಿಷವಸ್ತುಗಳು ಹೊರಬರುತ್ತವೆ, ಸುಲಿದೇ ತೆಗೆಯಿರಿ ಎಂದು ಹಲವರು ಎಚ್ಚರಿಸಿದಿರಿ. ಹಾಗೆಯೇ ಮಾಡಿದೆ. ತಂತಿಯ ಒಂದು ತುದಿಯನ್ನು ವೈಸ್‌ಗೆ ಬಿಗಿದು, ಬಿಸಿಲಿಗೆ ಮೆದುವಾದ ಹೊದಿಕೆಯ ಮೇಲೆ ಬ್ಲೇಡನ್ನು ಬಹುತೇಕ ಮಲಗಿಸಿ ಉದ್ದಕ್ಕೂ ಎಳೆದಾಗ, ಪ್ಲಾಸ್ಟಿಕ್ ಪಟ್ಟಿಯಾಗಿ ಸುಲಿದುಬಂತು, ತಾಮ್ರಕ್ಕೆ ಗೀರು ಬೀಳಲಿಲ್ಲ. ಗೀರು ಬಿದ್ದ ತಂತಿ ಬಾಗಿಸುವಾಗ ಅಲ್ಲಿಯೇ ತುಂಡಾಗುವ ಸಂಭವವಿರುವುದರಿಂದ ಈ ನಿಧಾನ ಅಗತ್ಯ. ಹಲವು ಎಳೆಗಳ ಈಗಿನ ವೈರು ಈ ಕೆಲಸಕ್ಕೆ ಬಾರದು, 2.5 ಚದರ ಮಿ.ಮೀ.ಯ ಒಂಟಿ ಎಳೆಯ ತಂತಿ ಸುಮಾರು 1.8 ಮಿ.ಮೀ. ದಪ್ಪವಿದ್ದು, ಪೆನ್ಸಿಲ್‌ಗಿಂತ ತೆಳುವಾದ ಕೊಂಬೆಗೆ ಸರಿಹೊಂದುತ್ತದೆ.

ಸುಲಿದ ತಂತಿಯನ್ನು ಇದ್ದಿಲ ಕೆಂಡದಲ್ಲಿ ಮಸುಕು ಕೆಂಪಾಗುವವರೆಗೆ ಕಾಯಿಸಿ ಆರಲು ಬಿಟ್ಟೆ. ಎಳೆದು ನೇರಮಾಡುವಾಗ ಗಡುಸಾಗಿದ್ದ ತಂತಿ ಈಗ ಬೆರಳಿಗೇ ಬಗ್ಗುತ್ತದೆ, ಕೊಂಬೆಗೆ ಸುತ್ತುತ್ತಿದ್ದಂತೆ ಮತ್ತೆ ಗಡುಸಾಗಿ ಬಾಗನ್ನು ಹಿಡಿದಿಡುತ್ತದೆ. ಅಲ್ಯೂಮಿನಿಯಂಗಿಂತ ತಾಮ್ರವನ್ನು ನಾನು ಮೆಚ್ಚಲು ಈ ಗುಣವೇ ಕಾರಣ. ಸದ್ಯ ಅತ್ತಿಗಿಡದ ಕೊಂಬೆಗಳಿಗೆ 45 ಡಿಗ್ರಿ ಓರೆಯಲ್ಲಿ ಸುತ್ತಿದ್ದೇನೆ. ಮಳೆಗಾಲದಲ್ಲಿ ಅತ್ತಿ ಬೇಗ ದಪ್ಪವಾಗುವುದರಿಂದ, ತಂತಿ ತೊಗಟೆಯನ್ನು ಕಚ್ಚುವ ಮೊದಲೇ ಅದನ್ನು ಬಿಚ್ಚಲು ಹೋಗದೆ ಸುತ್ತುಸುತ್ತಾಗಿ ಕತ್ತರಿಸಿ ತೆಗೆಯುತ್ತೇನೆ.