ಹೀರಿಕಾಯಿ ಬಳ್ಳಿ ಮ್ಯಾಲಿನ ಈ ಹುಳ ಕಡಜೋ, ನೊಣಾನೋ?

ಖಾಲಿ ಸ್ಟುಡಿಯೋ (ಗದಗ):
ನಮಸ್ಕಾರ್ರೀ. ಬೆಟಗೇರಿಯೊಳಗ ನಂದೊಂದು ಸಣ್ಣ ಫೋಟೊ ಸ್ಟುಡಿಯೋ ಐತಿ. ಆಷಾಢ ಹಿಡೀತಂದ್ರ ಮದುವಿ ಇಲ್ಲ, ಮುಂಜಿವಿ ಇಲ್ಲ. ಪಾಸ್‌ಪೋರ್ಟ್ ಫೋಟೊಕ್ಕ ದಿನಾ ನಾಕ ಮಂದಿ ಬಂದ್ರ ಪುಣ್ಯಾ. ಕುಂತು ಕುಂತು ಬ್ಯಾಸರಾಗಿ ಹಳೇ 50 ಎಂಎಂ ಲೆನ್ಸ್ ರಿಂಗ್ ಹಾಕಿ ಉಲ್ಟಾ ಕೂಡಿಸಿ, ಹಿತ್ತಲದಾಗ ಹುಳದ ಫೋಟೊ ತಗಿಯೂ ಚಟಾ ಹಚ್ಕೊಂಡೀನಿ. ಫ್ಲ್ಯಾಶಿಗೆ ಟಿವಿ ಡಬ್ಬಿಯೊಳಗ ಬಂದಿದ್ದ ತೆಳು ಫೋಮ್ ಹಾಳಿ ಸುತ್ತೀನಿ, ಬೆಳಕು ಮೆತ್ತಗ ಬೀಳ್ತೈತಿ.

ಹೀರಿಕಾಯಿ ಎಲಿ ಮ್ಯಾಲ ಈ ಮಹಾರಾಯ ಸಿಕ್ಕ. ಅಕ್ಕಿಕಾಳಿಗಿಂತ ಒಂದೀಟ ದೊಡ್ಡದು, ಬೆಲ್ಲದ ಬಣ್ಣ. ಬೆನ್ನ ಮ್ಯಾಲ ಹಳದಿ ಪಟ್ಟಿ ಮೂರು. ರೆಕ್ಕಿ ಅಂಚಿಗುಂಟ ಕಂದು ಗೆರಿ, ತುದಿಗೆ ಹೋಗಿ ಬೊಟ್ಟಿನಂಗ ದಪ್ಪ ಆಗೈತಿ. ಹಿಂದ ಸೂಜಿ ಐತಿ. ಅದಕ್ಕ ಕಡಜ ಅಂತ ತಿಳಕೊಂಡು ಒಂದು ಮೊಳ ದೂರ ನಿಂತಿದ್ದೆ. ಆದ್ರ ಇದು ಎಲಿ ಮ್ಯಾಲ ಅಡ್ಡಾಡಕೋತ ಒಂದೊಂದ ರೆಕ್ಕಿ ಆಡಸ್ತೈತಿ, ಥೇಟ್ ಸರ್ಕಲ್‌ನ್ಯಾಗಿನ ಟ್ರಾಫಿಕ್ ಪೊಲೀಸಪ್ಪ. ಮೂರು ಫೋಟೊ ಹಾಕೀನಿ. ಯಾರರ ಹೇಳ್ರಿ.

ಕೆಲಗೇರಿ ದಂಡಿ (ಧಾರವಾಡ):
ಫೋಟೊ ಭಾಳ ಛಲೋ ಬಂದಾವರೀ. ಸೂಜಿ ಬಿಡ್ರಿ, ಮೊದಲ ರೆಕ್ಕಿ ಎಣಸ್ರಿ. ಕಡಜಕ್ಕ ನಾಕು, ನೊಣಕ್ಕ ಎರಡ. ನಿಮ್ಮ ಎರಡನೇ ಫೋಟೊದಾಗ ರೆಕ್ಕಿ ಬುಡ ದೊಡ್ಡದು ಮಾಡಿ ನೋಡ್ರಿ, ಗುಂಡುಸೂಜಿ ತಲಿಯಂಥದೊಂದು ಹಳದಿ ಗುಬಟ ಕಾಣಸ್ತದ. ಹಿಂದಿನ ರೆಕ್ಕಿ ಸವದು ಆದದ್ದು ಅದು. ಹಾರುವಾಗ ತೋಲ ಹಿಡಿಯೂದು ಅದರ ಕೆಲಸ. ಮೀಸಿನೂ ಗಿಡ್ಡ ಅದ. ಕಡಜದ ಮೀಸಿ ಉದ್ದ, ಗಂಟು ಗಂಟು ಇರ್ತದ. ಅಂದ್ರ ಇದು ನೊಣ.

ಹಣ್ಣು ನೊಣದ ಜಾತಿ, ಹೆಣ್ಣು. ಆ ಸೂಜಿ ಕಚ್ಚಲಿಕ್ಕೆ ಅಲ್ಲ, ತತ್ತಿ ಇಡೋ ಕೊಳವಿ. ಮೂರು ಹಳದಿ ಪಟ್ಟಿ ನೋಡಿದ್ರ ಇದರ ವೈಜ್ಞಾನಿಕ ಹೆಸರು ಜ್ಯೂಗೊಡೇಕಸ್ ಕುಕುರ್ಬಿಟೇ ಅನಸ್ತದ. ಹಳೇ ಪುಸ್ತಕದಾಗ ಬ್ಯಾಕ್ಟ್ರೋಸೆರಾ ಕುಕುರ್ಬಿಟೇ ಅಂತ ಇರ್ತದ, ಎರಡೂ ಒಂದ ನೊಣ. ಆದ್ರ ಅದರ ದಾಯಾದಿ ಟಾವ್ ಅಂತೊಂದು ಅದ. ಅದಕ್ಕೂ ಮೂರ ಪಟ್ಟಿ, ಅದೂ ಇಂಥಾ ಬಳ್ಳಿಗೇ ಬರ್ತದ. ಫರಕು ಇರೋದು ರೆಕ್ಕಿಯೊಳಗ: ಕುಕುರ್ಬಿಟೇಕ್ಕ ತುದಿ ಬೊಟ್ಟಲ್ಲದ ಹಿಂದಿನ ಅಂಚಿನ ಕಡೆ ಅಡ್ಡ ನರದ ಮ್ಯಾಲೂ ಕಂದು ಪಟ್ಟಿ ಇರ್ತದ, ಟಾವ್‌ಗೆ ಇರೂದಿಲ್ಲ. ನಿಮ್ಮ ಫೋಟೊದಾಗ ಕಣ್ಣು ಚೂಪದಾವ, ರೆಕ್ಕಿ ಪೂರಾ ಮಸುಕು. ಮದುವಿ ಕ್ಯಾಂಡಿಡ್ ತಗದೀರಿ, ನಮಗ ಬೇಕಾಗಿದ್ದು ಪಾಸ್‌ಪೋರ್ಟ್! ರೆಕ್ಕಿ ಹರವಿ ಕುಂತಾಗ ನೆಟ್ಟಗ ಮ್ಯಾಲಿಂದ ಒಂದು, ಮುಖದ್ದೊಂದು, ಮಗ್ಗಲದ್ದೊಂದು ತಗೀರಿ.

ಮೆಣಸಿನಕಾಯಿ ಹೊಲ (ಹಾವೇರಿ):
ಇದರ ಹೆಸರು ನನಗ ಬ್ಯಾಡ, ಕೆಲಸ ಗೊತ್ತೈತಿ. ಎಳೇ ಹೀರಿಕಾಯಿ ಮ್ಯಾಲ ಸೂಜಿಮೊನಿಯಷ್ಟು ತೂತು, ಅದರ ಬಾಯಿಗೆ ಅಂಟಿನ ಹನಿ ಕಂಡ್ರ ತತ್ತಿ ಇಟ್ಟು ಹೋಗೈತಿ ಅಂತನ ತಿಳೀರಿ. ಕಾಯಿ ಡೊಂಕಾಗಿ ಹಳದಿ ಆಗ್ತೈತಿ, ಒಳಗ ಬಿಳಿ ಹುಳ. ಆ ಕಾಯಿ ತಿಪ್ಪಿಗೆ ಮಾತ್ರ ಒಗೀಬ್ಯಾಡ್ರಿ. ಹುಳ ಮಣ್ಣಿಗಿಳದು ಕೋಶ ಕಟ್ಟಿ ಮತ್ತ ನೊಣ ಆಗಿ ಬರ್ತಾವ. ಪ್ಲಾಸ್ಟಿಕ್ ಚೀಲದಾಗ ಬಿಗಿಯಾಗಿ ಕಟ್ಟಿ ಬಿಸಲಿಗೆ ಇಡ್ರಿ. ಎಳೇ ಕಾಯಿಗೆ ಪೇಪರ್ ಸುತ್ತಿದ್ರ ಹಿತ್ತಲದ ಮಟ್ಟಿಗೆ ಸಾಕು. ಅಂಗಡ್ಯಾಗ ಸಿಗೂ ಕ್ಯೂಲೂರ್ (ನೊಣ ಸೆಳಿಯೂ ವಾಸನಿ ಮದ್ದು) ಟ್ರ್ಯಾಪಿಗೆ ಗಂಡು ನೊಣ ಅಷ್ಟ ಬೀಳ್ತಾವ, ತತ್ತಿ ಇಡೂ ಹೆಣ್ಣು ಹಂಗ ಉಳೀತಾವ. ಟ್ರ್ಯಾಪ್ ತುಂಬೇತಿ ಅಂತ ಹಿಗ್ಗಿ ಒಂದು ಸಲ ನಾನೂ ಮೋಸ ಹೋಗೀನಿ.

ಖಾಲಿ ಸ್ಟುಡಿಯೋ (ಗದಗ):
ಮುಂಜಾನೆ ಆರೂವರಿಗೆ ಹೋದೆ. ತಂಪಿಗೆ ಜೋಮು ಹಿಡದು ಕುಂತಿತ್ತು, ಅಲುಗಾಡಲಿಲ್ಲ. ಅಪರ್ಚರ್ 11ಕ್ಕ ಇಟ್ಟು, ಉಸರ ಬಿಗಿಹಿಡದು ಹಿಂದ ಮುಂದ ತೂಗಿ ಫೋಕಸ್ ಮಾಡಿ ನಲವತ್ತು ಫೋಟೊ ತಗದೆ. ಒಂದ ಒಂದು ಛಲೋ ಬಂದೈತಿ, ಹಾಕೀನಿ ನೋಡ್ರಿ. ಅಡ್ಡ ನರದ ಮ್ಯಾಲ ಕಂದು ಪಟ್ಟಿ ನಿಚ್ಚಳ ಐತಿ.

ಮನಿಯೊಳಗ ಬಂದು ಹೇಳಿದ್ನೆಪ. ನಮ್ಮವ್ವ ಮಾತಾಡದನ ಒಂದು ಡೊಂಕ ಹೀರಿಕಾಯಿ ತಂದು ಈಳಗಿ ಮ್ಯಾಲ ಸೀಳಿದ್ಲು. ಒಳಗ ಮಿಜಿಮಿಜಿ ಹುಳ. ಒಂದು ಮೈ ಬಿಲ್ಲಿನಂಗ ಬಗ್ಗಿಸಿ ಟಣ್ಣಂತ ಜಿಗದು ನನ್ನ ಚಾದ ಬಸಿಗೆ ಬಿತ್ತು. "ಹದಿನೈದು ದಿನದಿಂದ ಕಳ್ಳನ್ನ ನಿಂದರಿಸಿ ಫೋಟೊ ತಗೀಲಾಕ ಹತ್ತೀಯಲ್ಲೋ" ಅಂದ್ಲು. ಏನಂತ ಉತ್ತರಾ ಕೊಡ್ಲಿ?

ಅಂದಂಗ ತುಳಸಿ ಗಿಡಕ್ಕೂ ಇಂಥಾವ ಬರ್ತಾವಲ್ರೀ, ಎಲಿ ನೆಕ್ಕಿದಂಗ ಮಾಡ್ತಾವ. ಅವೂ ಇವನ?

ಕೆಲಗೇರಿ ದಂಡಿ (ಧಾರವಾಡ):
ಪಟ್ಟಿ ಕಂಡ್ತು. ಕುಕುರ್ಬಿಟೇನ, ಅನುಮಾನ ಬ್ಯಾಡ.

ತುಳಸಿಗೆ ಬರೋದು ಬ್ಯಾರೆ. ತುಳಸಿಯೊಳಗ ಮೀಥೈಲ್ ಯುಜಿನಾಲ್ ಇರ್ತದ, ಅದರ ವಾಸನಿಗೆ ಮಾವಿನ ನೊಣದ ಗಂಡುಗಳು ಬರ್ತಾವ, ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಬೆನ್ನ ಮ್ಯಾಲಿನ ಪಟ್ಟಿ ಎಣಸ್ರಿ, ನಡುವಿಂದು ಇರಬಾರದು, ಎರಡ ಇರಬೇಕು. ಫೋಟೊ ಹಾಕ್ರಿ, ಮ್ಯಾಲಿಂದ.