ರಾತ್ರಿ ದೃಶ್ಯ ಬಂದರೆ ಟಿವಿ ಕರಿಹಲಗೆ: ಪ್ಯಾನೆಲ್ ಕೆಟ್ಟಿದೆಯೇ, ಸರಣಿಗಳೇ ಹೀಗೆಯೇ?

ರಾಯಚೂರು_ಮಾಳಿಗೆ
43 ಇಂಚಿನ 4ಕೆ ಎಲ್‌ಇಡಿ ಟಿವಿ, ಕೊಂಡು ಎಂಟು ತಿಂಗಳು. ಇಂಟರ್ನೆಟ್ಟಿನ ಸರಣಿ ತೋರಿಸುವ ಸ್ಟಿಕ್ ಹಾಕಿ ನೋಡುತ್ತೇವೆ. ಕ್ರಿಕೆಟ್, ವಾರ್ತೆ, ಹಳೆಯ ಸಿನಿಮಾ ಚೆನ್ನಾಗಿ ಬರುತ್ತವೆ. ಹೊಸ ಸರಣಿಗಳಲ್ಲಿ ರಾತ್ರಿ ದೃಶ್ಯ ಬಂದರೆ ಮಾತ್ರ ಪಾತ್ರಗಳ ಬದಲು ನಮ್ಮದೇ ಮುಖ, ಹಿಂದಿನ ಕಿಟಕಿ, ತಿರುಗುವ ಫ್ಯಾನು ಕಾಣುತ್ತವೆ. ನಿನ್ನೆ ಒಬ್ಬಳು ಪತ್ರ ಓದಿ ಅಳುತ್ತಿದ್ದಳು. ಪತ್ರವೂ ಕಾಣಲಿಲ್ಲ, ಅವಳೂ ಕಾಣಲಿಲ್ಲ, ಅಳು ಮಾತ್ರ ಕೇಳಿಸಿತು. "ಅವರ ಊರಲ್ಲೂ ಕರೆಂಟ್ ಹೋಗಿದೆಯೇನೋ" ಎಂದಳು ಅವ್ವ. ಬ್ರೈಟ್‌ನೆಸ್ 50ರಿಂದ 80ಕ್ಕೆ ಏರಿಸಿದೆ. ಕಪ್ಪೆಲ್ಲ ಬೂದಿ ಬಳಿದಂತಾಯಿತು. ಅಂಗಡಿಯವರು ಪ್ಯಾನೆಲ್ ಬದಲಿಸಬೇಕೆನ್ನುತ್ತಾರೆ.

ಸಿಂಧನೂರು_ಗದ್ದೆ
ಸಂಜೆ ವೋಲ್ಟೇಜ್ ಬೀಳುತ್ತದೆಯೇ? ನಮ್ಮ ಕಡೆ ಪಂಪ್‌ಸೆಟ್ ಶುರುವಾದರೆ ಬಲ್ಬೇ ಕೆಂಪಗಾಗುತ್ತದೆ. ಸ್ಟೆಬಿಲೈಸರ್ ಹಾಕಿ ನೋಡಿ.

ಗಂಗಾವತಿ_ಬೆಸುಗೆ
ವೋಲ್ಟೇಜ್ ಅಲ್ಲ. ಟಿವಿಯ ಹಿಂದಿನ ಚೀಟಿ ನೋಡಿ, ಬಹುತೇಕ 100–240 ವೋಲ್ಟ್ ಎಂದಿರುತ್ತದೆ. ಪ್ಯಾನೆಲ್ಲೂ ಅಲ್ಲ, ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಸೋತಿದ್ದರೆ ಕ್ರಿಕೆಟ್ಟೂ ಮಂಕಾಗುತ್ತಿತ್ತು. ದುಡ್ಡು ಕಟ್ಟಬೇಡಿ.

ಮೊದಲು ಬ್ರೈಟ್‌ನೆಸ್ 50ಕ್ಕೆ ಇಳಿಸಿ. ನಿಮ್ಮ ಟಿವಿಯಲ್ಲಿ ಅದು ಬೆಳಕನ್ನು ಹೆಚ್ಚಿಸುವುದಿಲ್ಲ, ಕಪ್ಪು ಎಲ್ಲಿಂದ ಶುರುವಾಗಬೇಕು ಎಂಬುದನ್ನಷ್ಟೇ ಜರುಗಿಸುತ್ತದೆ. ಬೂದಿ ಬಂದದ್ದು ಅದಕ್ಕೇ. ಬೆಳಕಿಗೆ ಬ್ಯಾಕ್‌ಲೈಟ್ ಬೇರೆ ಇದೆ. (ಕೆಲವು ಕಂಪನಿಗಳು ಬ್ಯಾಕ್‌ಲೈಟಿಗೇ ಬ್ರೈಟ್‌ನೆಸ್ ಎಂದು ಹೆಸರಿಟ್ಟು ನಮ್ಮ ಹೊಟ್ಟೆ ಉರಿಸುತ್ತವೆ.) ಪವರ್ ಸೇವಿಂಗ್ ತೆಗೆಯಿರಿ. ಎಚ್‌ಡಿಎಂಐ (ಸ್ಟಿಕ್ ಚುಚ್ಚುವ ಕಿಂಡಿ) ಬ್ಲ್ಯಾಕ್ ಲೆವೆಲ್ ಆಟೋದಲ್ಲಿರಲಿ. ಕಪ್ಪಿನಿಂದ ಬಿಳಿಯವರೆಗಿನ ಅಳತೆಯನ್ನು ಸ್ಟಿಕ್ 0–255 ಎಂದು ಕಳಿಸುತ್ತಿದ್ದು ಟಿವಿ 16–235 ಎಂದುಕೊಂಡರೆ 16ರ ಕೆಳಗಿನದೆಲ್ಲ ಒಂದೇ ಮಸಿ. ಸರಣಿ ಶುರುವಾದಾಗ ಮೂಲೆಯಲ್ಲಿ ಎಚ್‌ಡಿಆರ್ (ಕಪ್ಪಿಗೂ ಬೆಳಕಿಗೂ ಹೆಚ್ಚು ಅಂತರವಿರುವ ಚಿತ್ರ) ಎಂದು ಬರುತ್ತದೆಯೇ?

ರಾಯಚೂರು_ಮಾಳಿಗೆ
ಬರುತ್ತದೆ. ಪವರ್ ಸೇವಿಂಗ್ ತೆಗೆದ ಮೇಲೆ ಒಂದಿಷ್ಟು ತಿಳಿಯಾಯಿತು, ಸಾಲದು. ಬ್ಯಾಕ್‌ಲೈಟ್ ಆಗಲೇ 100ರಲ್ಲಿದೆ.

ಗಂಗಾವತಿ_ಬೆಸುಗೆ
ಕಳ್ಳ ಸಿಕ್ಕ. ಮಾಮೂಲಿ ಎಸ್‌ಡಿಆರ್ ಚಿತ್ರವನ್ನು ಸ್ಟುಡಿಯೋದಲ್ಲಿ ಸುಮಾರು 100 ನಿಟ್ಸ್ (ಪರದೆಯ ಬೆಳಕಿನ ಅಳತೆ) ಲೆಕ್ಕದಲ್ಲಿ ಸಿದ್ಧಪಡಿಸುತ್ತಾರೆ. ನಿಮ್ಮ ಟಿವಿ 250–300 ಕೊಡಬಲ್ಲದು, ಅಂದರೆ ಇಡೀ ಚಿತ್ರ ಎರಡು ಮೂರು ಪಟ್ಟು ಬೆಳಗುತ್ತದೆ. ಎಚ್‌ಡಿಆರ್‌ನಲ್ಲಿ ಆ ಸವಲತ್ತಿಲ್ಲ. ಇಂಥ ಚುಕ್ಕಿ ಇಷ್ಟೇ ನಿಟ್ಸ್ ಇರಬೇಕೆಂದು ಕಡತದಲ್ಲೇ ಬರೆದಿರುತ್ತದೆ. ಕತ್ತಲೆ ಕೋಣೆಯಲ್ಲಿ 1000 ನಿಟ್ಸ್ ಮಾನಿಟರ್ ಮುಂದೆ ಕೂತು ಎರಡು ನಿಟ್ಸ್ ಎಂದು ನಿರ್ಧರಿಸಿದ ಮುಖ ನಿಮ್ಮಲ್ಲೂ ಎರಡೇ ನಿಟ್ಸ್, ಅದೂ ಕಿಟಕಿ ತೆರೆದ ಪಡಸಾಲೆಯಲ್ಲಿ. ಬ್ಯಾಕ್‌ಲೈಟ್ ಮೊದಲೇ ತುದಿ ಮುಟ್ಟಿರುವುದರಿಂದ ಏರಿಸಲು ಏನೂ ಉಳಿದಿಲ್ಲ. ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಡೈನಮಿಕ್ ರೇಂಜ್ ಹುಡುಕಿ, ಎಚ್‌ಡಿಆರ್ ಬಂದ್ ಮಾಡಿ.

ಬಳ್ಳಾರಿ_ಕೋಟೆಕೆಳಗೆ
ಎಲ್ಲ ತಪ್ಪನ್ನೂ ನೋಡುವವರ ಟಿವಿಗೇ ಹೊರಿಸಬೇಡಿ ಸ್ವಾಮಿ. 2019ರ ಏಪ್ರಿಲ್‌ನಲ್ಲಿ 'ಗೇಮ್ ಆಫ್ ಥ್ರೋನ್ಸ್'ನ ರಾತ್ರಿ ಯುದ್ಧದ ಕಂತು ಬಂದಾಗ ಜಗತ್ತೇ ಕಣ್ಣು ಕಿರಿದು ಮಾಡಿ ಕೂತಿತ್ತು. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಆಗಲೂ ಮನೆಯ ಟಿವಿ ಸೆಟ್ಟಿಂಗ್ ಕಡೆಗೇ ಬೆರಳು ತೋರಿಸಿದರು. ಫಿಲ್ಮಿನ ಕಾಲದಲ್ಲಿ ದೀಪ ಹಚ್ಚದೆ ಗತಿ ಇರಲಿಲ್ಲ. ಕೊಡಾಕ್ 500ಟಿ ಫಿಲ್ಮಿನ ಸಂವೇದನೆ 500. ಈಗ ಸೋನಿ ವೆನಿಸ್ ಕ್ಯಾಮೆರಾದ ಎರಡನೇ ಮೂಲ ಐಎಸ್ಒ, ಅಂದರೆ ಅದೇ ಬೆಳಕಿನ ಸಂವೇದನೆ, 2500. ಮೇಣದಬತ್ತಿ ಸಾಕು ಎಂದಾದಾಗ ಮೇಣದಬತ್ತಿಯೇ ಉಳಿಯಿತು. ನಮ್ಮೂರ ಬಯಲಾಟದವರು ರಾತ್ರಿಯಿಡೀ ಆಡುತ್ತಾರೆ, ಕಿರೀಟದ ಕನ್ನಡಿ ಚೂರೂ ಕೊನೆಯ ಸಾಲಿಗೆ ಹೊಳೆಯುತ್ತದೆ. ಕಥೆಯಲ್ಲಿ ರಾತ್ರಿಯಾದರೆ ರಂಗದ ದೀಪ ಆರಿಸುವುದಿಲ್ಲ.

ಗಂಗಾವತಿ_ಬೆಸುಗೆ
ಒಪ್ಪಿದೆ. ಆದರೆ ಅವರ ಮನೆಯಲ್ಲಿ ಕೈಗೆಟಕುವುದು ಸೆಟ್ಟಿಂಗ್ ಒಂದೇ.

ರಾಯಚೂರು_ಮಾಳಿಗೆ
ಎಚ್‌ಡಿಆರ್ ತೆಗೆದು ಅದೇ ದೃಶ್ಯ ಹಾಕಿದೆ. ಕಣ್ಣೀರು ಕೆನ್ನೆಗಿಳಿಯುವುದು ಕಂಡಿತು! ಕಿಟಕಿಗೆ ಹಳೆಯ ಕೌದಿ ಕಟ್ಟಿದ ಮೇಲೆ ಇನ್ನೂ ಮೇಲು, ಸೆಕೆ ಮಾತ್ರ ತಡೆಯಲಾಗದು. ಈಗ ಹಿಂದಿನ ಗೋಡೆಯಲ್ಲಿ ಬೂದು ಪಟ್ಟೆಗಳು ತೇಲುತ್ತಿವೆ.

ಗಂಗಾವತಿ_ಬೆಸುಗೆ
ಅದು ಕಂಪ್ರೆಷನ್. ಡೇಟಾ ಉಳಿಸಲು ಮೊದಲು ಕತ್ತರಿ ಬೀಳುವುದೇ ಕಪ್ಪಿನ ನವಿರು ಛಾಯೆಗಳಿಗೆ. ಆ್ಯಪ್‌ನಲ್ಲಿ ಡೇಟಾ ಸೇವರ್ ತೆಗೆದು ಗುಣಮಟ್ಟ ಹೈ ಮಾಡಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡುತ್ತಿದ್ದರೆ ಪಟ್ಟೆಗಳ ಜೊತೆಗೇ ಬಾಳಬೇಕು.

ರಾಯಚೂರು_ಮಾಳಿಗೆ
ಹಾಟ್‌ಸ್ಪಾಟೇ. ಪರವಾಗಿಲ್ಲ, ಪತ್ರದಲ್ಲೇನಿತ್ತೆಂದು ಅವ್ವನಿಗೆ ಓದಿ ಹೇಳಿದೆ.