ನಾರ್ವೆಯ ಬೀಗರ ವಂಶಾವಳಿ ಹುಡುಕುವುದು ಹೇಗೆ?

ಪ್ರಶ್ನೆ (ಧಾರವಾಡದಿಂದ):
ನನ್ನ ಸೊಸೆ ನಾರ್ವೆಯವಳು. ಹೋದ ವರ್ಷ ಹೆಳವರು ನಮ್ಮ ಕಟ್ಟೆಯ ಮೇಲೆ ಕುಳಿತು, ಮನೆತನದ ಏಳು ತಲೆಮಾರಿನ ಹೆಸರುಗಳನ್ನು ಓದಿ ಹೇಳಿ, ಮೊಮ್ಮಗಳ ಹೆಸರನ್ನೂ ಬರೆದುಕೊಂಡು ಹೋದರು. ಅವಳ ತಾಯಿಯ ಕಡೆಯದನ್ನೂ ಬರೆದಿಡಲು ಹೊರಟರೆ, ಸೊಸೆಯ ಮುತ್ತಜ್ಜ ಹಾನ್ಸೆನ್, ಅವರ ತಂದೆ ಲಾರ್ಸೆನ್ ಎಂದಿದೆ. ಅಡ್ಡಹೆಸರು ಹೀಗೆ ಬದಲಾಗುವುದೇಕೆ? ಡಿಎನ್‌ಎ ಪರೀಕ್ಷೆಯೊಂದೇ ಸಾಕೇ?

ಉತ್ತರ (ಗದಗದಿಂದ):
ಅದು ಅಡ್ಡಹೆಸರಲ್ಲ, ಅಕ್ಕಾವರೇ. ಹಾನ್ಸೆನ್ ಎಂದರೆ ಹಾನ್ಸನ ಮಗ ಎಂದಷ್ಟೇ. ಸ್ಥಿರವಾದ ಮನೆತನದ ಹೆಸರು ಅಲ್ಲಿ ಕಡ್ಡಾಯವಾದದ್ದು 1923ರ ಕಾನೂನಿನಿಂದ. ಅದಕ್ಕೂ ಮೊದಲು ಹಳ್ಳಿಗರು ತಾವು ವಾಸಿಸುವ ಹೊಲಮನೆಯ ಹೆಸರನ್ನು ಸೇರಿಸಿಕೊಳ್ಳುತ್ತಿದ್ದರು. ಬೇರೆ ಹೊಲಮನೆಗೆ ಹೋದರೆ ಅದೂ ಬದಲಾಗುತ್ತಿತ್ತು. ಆದ್ದರಿಂದ ಹೆಸರಿಗಿಂತ ಹೊಲಮನೆಯನ್ನೂ ಚರ್ಚನ್ನೂ ಹಿಡಿದು ಹುಡುಕಿರಿ. ನಾರ್ವೆಯ ರಾಷ್ಟ್ರೀಯ ದಾಖಲೆಗಳ ತಾಣವಾದ ಡಿಜಿಟಾಲಾರ್ಕಿವೆಟ್‌ನಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಹಳೆಯ ಚರ್ಚ್ ಪುಸ್ತಕಗಳೂ 1801, 1865, 1900, 1910ರ ಜನಗಣತಿಗಳೂ ಉಚಿತವಾಗಿ ಸಿಗುತ್ತವೆ. 1910ರಿಂದ ಆರಂಭಿಸಿರಿ, ಅದರಲ್ಲಿ ಹುಟ್ಟಿದ ದಿನಾಂಕವೂ ಇದೆ.

ಉತ್ತರ (ಹಾವೇರಿಯಿಂದ):
ಡಿಎನ್‌ಎ ಪರೀಕ್ಷೆ ಹೆಸರು ಹೇಳುವುದಿಲ್ಲ. ನಿಮ್ಮ ಸೊಸೆಗೆ ಆ ಮುತ್ತಜ್ಜನಿಂದ ಬಂದಿರುವುದು ಸರಾಸರಿ ಎಂಟನೆಯ ಒಂದು ಪಾಲು. ಶೇಕಡಾ ಇಷ್ಟು ಸ್ಕ್ಯಾಂಡಿನೇವಿಯನ್ ಎಂಬ ಅಂಕಿ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಹೊಂದಿಕೆಯಾದ ದೂರದ ಬಂಧುಗಳ ಪಟ್ಟಿಯೇ ನಿಜವಾದ ಲಾಭ. ತಂದೆಯ ಕಡೆಯ ನೇರ ಗಂಡುಸಾಲನ್ನು ತೋರಿಸುವ ವೈ ಕ್ರೋಮೊಸೋಮ್ ಹೆಣ್ಣುಮಕ್ಕಳಲ್ಲಿ ಇರುವುದಿಲ್ಲವಾದ್ದರಿಂದ ಅದಕ್ಕೆ ಅವಳ ತಂದೆ ಅಥವಾ ಅಣ್ಣತಮ್ಮಂದಿರು ಎಂಜಲಿನ ಮಾದರಿ ಕೊಡಬೇಕು.

ಪ್ರಶ್ನೆ ಕೇಳಿದವರು:
ಬೀಗರಿಗೆ ಇಂದೇ ಫೋನ್ ಮಾಡಿ ಹೊಲಮನೆಯ ಹೆಸರು ಕೇಳುತ್ತೇನೆ. ಎಂಜಲಿನ ಮಾತನ್ನು ಮಾತ್ರ ಸೊಸೆಯೇ ಎತ್ತಲಿ.